ಲೈಸೆನ್ಸ್ ಇಲ್ಲದ ಟಿವಿ

ನಮ್ಮಮ್ಮ ನಮ್ಮಜ್ಜನ ಹತ್ತಿರ ಮಾತಾಡುತ್ತಿದ್ದದ್ದು ನನ್ನ ಬಾಯಿಂದ. ಸೊಸೆಯಾದವಳು ಮಾವನ ಎದುರು ನಿಂತು ಬಾಯಿಬಿಟ್ಟು ಮಾತಾಡಬಾರದು ಅಂತ ತವರಿನವರು ಹೇಳಿ ಕಳಿಸಿದ್ದರಂತೆ. ನಾನು ಹುಟ್ಟುವವರೆಗೆ ಆಕೆ ಹೇಗೆ ಕಾಲ ತಳ್ಳಿದಳೋ ಗೊತ್ತಿಲ್ಲ. ನನಗೆ ಮಾತು ಬಂದದ್ದೇ ತಡ, ಭದ್ರಾವತಿಯ ನಮ್ಮ ಕ್ವಾರ್ಟರ್ಸಿನ ಅಡುಗೆಮನೆಗೂ ಮುಂದಿನ ಕೋಣೆಗೂ ನಡುವೆ ನಾನೇ ಟೆಲಿಫೋನ್ ತಂತಿಯಾದೆ. "ನಿಮ್ಮಜ್ಜಂಗೆ ಹೇಳು, ಮುದ್ದೆ ಆರ್ತಾ ಐತೆ ಅಂತ" ಅಂತ ಅಮ್ಮ ಒಲೆ ಮುಂದಿನಿಂದ ಕೂಗುತ್ತಿದ್ದಳು. ಗೋಡೆಯ ಈಚೆ ಕೂತ ಅಜ್ಜನಿಗೆ ಅದು ಆಗಲೇ ಕೇಳಿರುತ್ತಿತ್ತು. ಆದರೂ ನಾನು ಬಂದು ಹೇಳುವವರೆಗೆ ಅವನು ಏಳುತ್ತಿರಲಿಲ್ಲ. ಸುಮ್ಮನೆ ಹೇಳಿ ಹೇಳಿ ಬೇಜಾರಾಗಿ ನಾನು ಅಮ್ಮನ ಮಾತನ್ನು ಅಮ್ಮನ ಮೂಗಿನ ಧ್ವನಿಯಲ್ಲೇ ಒಯ್ಯತೊಡಗಿದೆ. ಅಜ್ಜನ ಉತ್ತರವನ್ನು ಕೆಮ್ಮಿನ ಸಮೇತ ತರತೊಡಗಿದೆ. ನನ್ನ ಅಣಕದ ಕಸುಬು ಶುರುವಾದದ್ದು ಹೀಗೆ. ಆಮೇಲೆ ಕೈಗೆ ಸಿಕ್ಕವರನ್ನೆಲ್ಲ ಹಿಡಿದುಕೊಂಡೆ. ಅಪ್ಪನ ಸೀನು, ಪಕ್ಕದ ಮನೆ ಸೆಲ್ವಿ ಅಕ್ಕನ ತಮಿಳು ಬೆರೆತ ಕನ್ನಡ, ಮಗ್ಗಿ ಮರೆತು ಹೋದ ಗಣಿತದ ಮೇಷ್ಟ್ರು. ಕಾರ್ಖಾನೆಯ ಸೈರನ್ನನ್ನೂ ಬಿಡಲಿಲ್ಲ. ಒಂದು ಮಧ್ಯಾಹ್ನ ನಾನು ಕೂಗಿದ್ದಕ್ಕೆ ಅಪ್ಪ ನಿದ್ದೆಗಣ್ಣಲ್ಲಿ ಷರ್ಟು ಏರಿಸಿಕೊಂಡು ಸೈಕಲ್ ಸ್ಟ್ಯಾಂಡ್ ತೆಗೆದಿದ್ದ. ನನ್ನದೇ ಅಂತ ಒಂದು ಧ್ವನಿ ಇತ್ತೋ ಇಲ್ಲವೋ, ನಾನೂ ಹುಡುಕಲಿಲ್ಲ, ಯಾರೂ ಕೇಳಲಿಲ್ಲ. ಇತ್ತು, ಕಪ್ಪೆ ವಟಗುಟ್ಟಿದ ಹಾಗಿತ್ತು ಅಂತ ತಂಗಿ ಸುಮ ಈಗಲೂ ಹೇಳುತ್ತಾಳೆ.

ಅಜ್ಜ ಕಾರ್ಖಾನೆಯ ಗೇಟಿನಲ್ಲಿ ವಾಚ್‌ಮನ್ ಆಗಿದ್ದವನು. ಪಾಸು ತೋರಿಸದ ಯಾರನ್ನೂ ಒಳಗೆ ಬಿಟ್ಟವನಲ್ಲ. ಒಮ್ಮೆ ಅಪ್ಪ ಪಾಸು ಮರೆತು ಡ್ಯೂಟಿಗೆ ಹೋದಾಗ ಸ್ವಂತ ಮಗನನ್ನೇ ಗೇಟಿನ ಹೊರಗೆ ನಿಲ್ಲಿಸಿ, "ನೀವು ಯಾರ ಕಡೆಯೋರು?" ಅಂತ ಕೇಳಿದ್ದ. ಇದನ್ನು ಅಪ್ಪ ನಗುತ್ತಾ ಹೇಳುತ್ತಿದ್ದನಾದರೂ ಆ ನಗು ಪೂರ್ತಿ ಮಾಗಿರಲಿಲ್ಲ. ರಿಟೈರಾದ ಮೇಲೆ ಅಜ್ಜ ಗೇಟನ್ನು ಮನೆಗೇ ತಂದುಕೊಂಡ. ಮುಂಬಾಗಿಲ ಪಕ್ಕದ ಬೆಂಚಿನಲ್ಲಿ ಅವನು ಕೂತಿದ್ದರೆ ತರಕಾರಿಯವನೂ ಒಂದು ಸಲ ಕೆಮ್ಮಿ ಬರುತ್ತಿದ್ದ. ಮೊಳೆಗೆ ನೇತುಹಾಕಿದ ಖಾಕಿ ಕೋಟು ಅವನ ತಲೆಯ ಮೇಲೇ ಇರುತ್ತಿತ್ತು. ಒಬ್ಬ ಅಜ್ಜ ಕೂತಿದ್ದಾನೆ, ಇನ್ನೊಬ್ಬ ನಿಂತಿದ್ದಾನೆ ಅನ್ನಿಸುತ್ತಿತ್ತು ನನಗೆ.

ಟಿವಿ ಬಂದದ್ದು ಅಮ್ಮನ ಹಟದಿಂದ. ನಾನೂ ಸುಮನೂ ಮುಂದಿನ ಸಾಲಿನ ಒಂದು ಮನೆಯ ಕಿಟಕಿಗೆ ಜೋತುಬಿದ್ದು ಟಿವಿ ನೋಡುತ್ತಿದ್ದೆವು. ಒಂದು ದಿನ ಆ ಮನೆಯಾಕೆ ಒಳಗಿನಿಂದ ಪರದೆ ಎಳೆದುಬಿಟ್ಟಳು. ನಾವು ಆಗಲೂ ಹೋಗಲಿಲ್ಲ. ಪರದೆಯ ಮೇಲೆ ನೀಲಿ ಬೆಳಕು ಕುಣಿಯುವುದನ್ನೇ ನೋಡುತ್ತ ನಿಂತಿದ್ದೆವು. ಅದನ್ನು ನೀರು ತರಲು ಬಂದ ಅಮ್ಮ ನೋಡಿದಳು. ಬಿಂದಿಗೆ ಅಲ್ಲೇ ಇಟ್ಟು, ನಮ್ಮಿಬ್ಬರ ರಟ್ಟೆ ಹಿಡಿದು ಮನೆಗೆ ತಂದಳು. ಬೈಯಲಿಲ್ಲ. ಬೈಯದಿದ್ದದ್ದಕ್ಕೇ ಹೆದರಿಕೆಯಾಯಿತು. ಚೀಟಿ ಎತ್ತಿದಳು, ಅಪ್ಪನನ್ನು ಶಿವಮೊಗ್ಗಕ್ಕೆ ಓಡಿಸಿದಳು. ಒಂದು ಸಂಜೆ ಗೂಡ್ಸ್ ಆಟೋದಲ್ಲಿ ಹುಲ್ಲು ಮೆತ್ತೆಯ ಮೇಲೆ, ಹಸುಗೂಸಿನ ಹಾಗೆ, ನಮ್ಮ ಟಿವಿ ಬಂತು. ಅಪ್ಪ ಹಿತ್ತಲಲ್ಲಿ ಬಿದಿರಿನ ಗಳ ನೆಟ್ಟು ತುದಿಗೆ ಆಂಟೆನಾ ಕಟ್ಟಿದ. ಸೆಲ್ವಿ ಅಕ್ಕ ಕುಂಕುಮದ ಬಟ್ಟಲು ಹಿಡಿದು ಬಂದಳು. ಅಮ್ಮ ಟಿವಿಯ ನೆತ್ತಿಗೆ ಕುಂಕುಮ ಇಟ್ಟಳು. ಅಪ್ಪನ ಬೆರಳು ಸ್ವಿಚ್ಚಿನ ಮೇಲಿತ್ತು. ಆಗ ಬೆಂಚಿನಿಂದ ಅಜ್ಜ ಕೇಳಿದ.

"ಲೈಸೆನ್ಸ್ ಎಲ್ಲಿ?"

"ಯಾವ ಲೈಸೆನ್ಸು?"

"ಟಿವೀದು."

"ಅಯ್ಯೋ ಅಪ್ಪಾ, ಅದೆಲ್ಲ ಹೋಗಿ ಯಾವ ಕಾಲ ಆಯ್ತು! ರೇಡಿಯೋಗೂ ಇಲ್ಲ, ಟಿವಿಗೂ ಇಲ್ಲ."

"ಏನ್ ತಾತಾ," ಅಂದಳು ಸೆಲ್ವಿ ಅಕ್ಕ, "ಲೈಸೆನ್ಸು ಲಾರಿ ಓಡ್ಸೋರ್ಗೆ ತಾನೆ? ಇದು ಎಲ್ ಓಡುತ್ತೆ?"

"ಬೇಡ ಅಂತ ಯಾರಾದ್ರೂ ಬರ್ಕೊಟ್ಟಿದಾರಾ?" ಅಂದ ಅಜ್ಜ. "ತೋರ್ಸಿ, ಹಾಕಿ."

ಅಪ್ಪನ ಬೆರಳು ಸ್ವಿಚ್ಚಿನಿಂದ ಕೆಳಗಿಳಿಯಿತು. ಕಾರ್ಖಾನೆಯಲ್ಲಿ ಕೆಂಪಗೆ ಕಾದ ಕಬ್ಬಿಣದ ಮುಂದೆ ನಿಲ್ಲುವ ಮನುಷ್ಯ ಅಪ್ಪ. ಆದರೆ ಆ ಬೆಂಚಿನ ಮುಂದೆ ಅವನು ಈಗಲೂ ಪಾಸು ಮರೆತು ಬಂದವನೇ.

ಟಿವಿಯ ಗತಿ ಏನಾದೀತೋ ಅಂತ ಅಮ್ಮ ಹೆದರುವುದಕ್ಕೆ ಕಾರಣವಿತ್ತು. ನಮ್ಮ ಗೋಡೆಯ ಗೂಡಿನಲ್ಲಿ ಒಂದು ರೇಡಿಯೋ ಕೂತಿತ್ತು, ಭದ್ರಾವತಿಗೆ ಬಂದ ಮೇಲೆ ಅಜ್ಜ ಕೊಂಡದ್ದು. ಅಜ್ಜ ವರ್ಷ ವರ್ಷ ಪೋಸ್ಟಾಫೀಸಿಗೆ ಹೋಗಿ ಅದಕ್ಕೆ ಲೈಸೆನ್ಸ್ ಕಟ್ಟಿ ಬರುತ್ತಿದ್ದನಂತೆ. ಒಂದು ವರ್ಷ ಅಲ್ಲಿನ ಗುಮಾಸ್ತ, ಇನ್ನು ಕಟ್ಟುವ ಹಾಗಿಲ್ಲ, ಸರ್ಕಾರ ತೆಗೆದುಹಾಕಿದೆ ಅಂದ. ಸೀಲು ಒತ್ತೋಕೆ ಸೋಮಾರಿತನ ಆ ಮಾರಾಯಂಗೆ ಅಂತ ಅಜ್ಜ ತೀರ್ಮಾನಿಸಿದ. ಅವತ್ತಿನಿಂದ ಆ ರೇಡಿಯೋ ಹಾಕಿಲ್ಲ. ನಾನು ಕಣ್ಣುಬಿಟ್ಟಾಗಿನಿಂದ ಅದರ ಮೇಲೆ ಅಜ್ಜಿಯ ಎಲೆಅಡಿಕೆ ಡಬ್ಬಿ ಇತ್ತು, ಅಷ್ಟೆ. ಅಮ್ಮನ ಲೆಕ್ಕ ಶುರುವಾದದ್ದು ಅದನ್ನು ನೆನೆದು. ಇವತ್ತು ಟಿವಿಯ ಮೇಲೆ ಕುಂಕುಮ, ನಾಳೆ ಕಸೂತಿ ಬಟ್ಟೆ, ನಾಡಿದ್ದು ಊದುಬತ್ತಿ ಸ್ಟ್ಯಾಂಡು. ಆಮೇಲೆ ಮಕ್ಕಳು ಮತ್ತೆ ಆ ಕಿಟಕಿಗೆ.

"ನಿಮ್ಮಜ್ಜಂಗೆ ಹೇಳು," ಅಂದಳು ಅಡುಗೆಮನೆಯಿಂದ, "ಊರಲ್ಲಿ ಎಲ್ರೂ ಹಾಕ್ಕೊಂಡಿದಾರೆ ಅಂತ."

ನಾನು ಮೂಗಿನಿಂದ ಹೇಳಿದೆ.

"ನಿಮ್ಮಮ್ಮಂಗೆ ಹೇಳು, ಎಲ್ರನ್ನೂ ಒಂದೇ ದಿನ ಹಿಡಿಯೋಕಾಗಲ್ಲ, ಒಬ್ಬೊಬ್ರನ್ನೇ ಹಿಡೀತಾರೆ."

ಕೆಮ್ಮಿನ ಸಮೇತ ಒಯ್ದೆ. ಒಳಗೆ ಪಾತ್ರೆಯೊಂದು ಜೋರಾಗಿ ಕೆಳಗೆ ಬಿತ್ತು. ಅದನ್ನೂ ಒಯ್ಯಬೇಕೆ ಅಂತ ಯೋಚಿಸಿದೆ. ಬೇಡ ಅನ್ನಿಸಿತು. ಮಾರನೆಯ ಬೆಳಿಗ್ಗೆ ಹಿತ್ತಲಿಗೆ ಹೋದರೆ ಆಂಟೆನಾ ಕಾಣುತ್ತಿರಲಿಲ್ಲ. ಅಜ್ಜ ಹಲಸಿನಕಾಯಿ ಕೀಳುವ ದೋಟಿಯಿಂದ ತನ್ನ ಪಂಚೆಯನ್ನು ಎತ್ತಿ ಅದರ ಮೇಲೆ ಹೊದಿಸಿದ್ದ. ಬೀದಿಯಿಂದ ನೋಡಿದರೆ ಯಾರೋ ಆಕಾಶದಲ್ಲಿ ಬಟ್ಟೆ ಒಣಹಾಕಿದ ಹಾಗಿತ್ತು.

ಆ ದಿನಗಳು ನನಗೆ ಇವತ್ತಿಗೂ ಬೆರಗು. ಹಾಕದ ಟಿವಿಯ ಮುಂದೆ ನಮ್ಮ ಇಡೀ ಮನೆ ಸಂಜೆಯಾದರೆ ಬಂದು ಕೂರುತ್ತಿತ್ತು. ಯಾರೂ ಯಾರನ್ನೂ ಕರೆಯುತ್ತಿರಲಿಲ್ಲ. ಅಜ್ಜಿ ಅಡಿಕೆ ಕತ್ತರಿಸುತ್ತ, ಅಪ್ಪ ಮಂಡಕ್ಕಿಗೆ ಈರುಳ್ಳಿ ಹೆಚ್ಚುತ್ತ, ಅಮ್ಮ ಅಡುಗೆಮನೆಯ ಹೊಸಿಲ ಆಚೆಯೇ ನಿಂತು. ಆ ಗಾಜು ಕಪ್ಪಗೆ, ಸ್ವಲ್ಪ ಉಬ್ಬಿ, ಬಾವಿಯ ನೀರಿನ ಹಾಗಿತ್ತು. ಅದರಲ್ಲಿ ನಾವೆಲ್ಲ ಇದ್ದೆವು. ನಮ್ಮ ಮನೆಯಲ್ಲಿದ್ದ ಕನ್ನಡಿ ಒಂದು ಮುಖಕ್ಕಷ್ಟೇ ಸಾಕಾಗುವಂಥದ್ದು. ಎಲ್ಲರೂ ಒಟ್ಟಿಗೆ ಹೇಗೆ ಕಾಣುತ್ತೇವೆ ಅಂತ ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಪುಟ್ಟದಾಗಿ, ದೂರದಲ್ಲಿ, ಬೇರೆ ಯಾವುದೋ ಮನೆಯವರ ಹಾಗೆ ಕೂತಿದ್ದೆವು. ಅಜ್ಜನ ಬೆಂಚು ಗಾಜಿನ ಒಂದು ಮೂಲೆಗೆ ಬಾಗಿಕೊಂಡಿತ್ತು. ಅವನೂ ಅಲ್ಲಿಂದ ಗಾಜನ್ನೇ ನೋಡುತ್ತಿದ್ದ. ಅಮ್ಮ ಎದುರಿಗೆ ನಿಲ್ಲದಿದ್ದರೂ ಗಾಜಿನೊಳಗೆ ಮಾವನ ಪಕ್ಕದಲ್ಲೇ ನಿಂತ ಹಾಗೆ ಕಾಣುತ್ತಿದ್ದಳು. ಅದು ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಸುಮ್ಮನಿದ್ದರು.

ಸುಮ್ಮನಿರಲಾರದವನು ನಾನೊಬ್ಬನೇ. ಟಿವಿಯ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ವಾರ್ತೆ ಓದತೊಡಗಿದೆ. "ಭದ್ರಾವತಿ. ಇಲ್ಲಿನ ಕ್ವಾರ್ಟರ್ಸೊಂದರಲ್ಲಿ ಹುರುಳಿಕಾಳಿನ ಸಾರಿಗೆ ಉಪ್ಪು ಹೆಚ್ಚಾಗಿದ್ದು, ಸೊಸೆ ಅತ್ತೆಯ ಕಡೆಗೂ, ಅತ್ತೆ ಸೊಸೆಯ ಕಡೆಗೂ ಬೆರಳು ತೋರಿಸಿದ್ದಾರೆ." ಹವಾಮಾನ ಹೇಳಿದೆ: ಅಪ್ಪನ ಮೂಗಿನಲ್ಲಿ ಭಾರಿ ಮಳೆ. ಜಾಹೀರಾತಿನಲ್ಲಿ ಸುಮಳ ತಲೆಯ ಹೇನು ಮಾರಿದೆ. ಅಜ್ಜಿ ನಕ್ಕು ಅಡಕತ್ತರಿ ಕೆಳಗಿಟ್ಟಳು. ಅಜ್ಜ ಮಾತ್ರ ಒಂದು ಸಂಜೆ ಗಂಭೀರವಾಗಿ ಕೇಳಿದ: "ಇದಕ್ಕೆ ಲೈಸೆನ್ಸ್ ಬೇಡ್ವೇನೋ?"

ಅಪ್ಪ ಒಂದು ದಿನ ಡ್ಯೂಟಿಗೆ ರಜೆ ಹಾಕಿದ. ಪೋಸ್ಟಾಫೀಸಿನವರ ಬಾಯಿಂದಲೇ ಕೇಳಿಸಿಬಿಡೋಣ ಅಂತ ಅಜ್ಜನನ್ನೂ ನನ್ನನ್ನೂ ಬಸ್ಸು ಹತ್ತಿಸಿಕೊಂಡು ಶಿವಮೊಗ್ಗಕ್ಕೆ ಹೋದ. ಭದ್ರಾವತಿಯ ಗುಮಾಸ್ತರ ಮೇಲೆ ಅಜ್ಜನಿಗೆ ನಂಬಿಕೆ ಹೋಗಿ ಆಗಿತ್ತಲ್ಲ. ಅಜ್ಜ ಒಗೆದ ಪಂಚೆ ಉಟ್ಟು, ಟೋಪಿ ಹಾಕಿ, ಕೌಂಟರಿನ ಜಾಲರಿಗೆ ಮುಖ ತಂದು ನಿಂತ.

"ಟಿವಿ ಲೈಸೆನ್ಸ್ ಬೇಕಿತ್ತು ಸ್ವಾಮಿ."

ಅಲ್ಲಿನ ಗುಮಾಸ್ತ ಕನ್ನಡಕ ಕೆಳಗಿಳಿಸಿದ. "ಈಗದು ಇಲ್ಲ ಯಜಮಾನ್ರೇ. ಮನೇಲಿ ನೋಡೋಕೆ ಏನೂ ಬೇಡ."

"ಸರಿ ಸ್ವಾಮಿ. ಬೇಡ ಅಂತ ಒಂದು ಚೀಟೀಲಿ ಬರ್ದು ಸೀಲ್ ಹಾಕ್ಕೊಡಿ."

"ಬೇಡ ಅನ್ನೋದಕ್ಕೆ ಯಾರು ಸೀಲ್ ಹಾಕ್ತಾರೆ? ನಾಳೆ ಬಂದು ನಮ್ಮನೇಲಿ ಆನೆ ಇಲ್ಲ, ಬರ್ಕೊಡಿ ಅಂತೀರ. ಬರ್ಕೊಡ್ಲಾ?"

ಅಜ್ಜ ಟೋಪಿ ಸರಿಮಾಡಿಕೊಂಡ. "ಆನೆಗೆ ಈಗ್ಲೂ ಲೈಸೆನ್ಸ್ ಐತಾ ಸ್ವಾಮಿ?"

"ಆನೆಗೆ ಇರ್ಬೋದಪ್ಪ."

"ನೋಡು," ಅಂದ ಅಜ್ಜ ಅಪ್ಪನ ಕಡೆ ತಿರುಗಿ. ಅಷ್ಟೇ ಅಂದ. ಅಪ್ಪ ಏನನ್ನು ನೋಡಬೇಕಿತ್ತು ಅಂತ ಅಪ್ಪನಿಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ.

ಮಧ್ಯಾಹ್ನದ ಊಟಕ್ಕೆ ವಿನೋಬನಗರದ ಅತ್ತೆಯ ಮನೆಗೆ ಹೋದೆವು. ಅತ್ತೆ ಅಂದರೆ ಅಜ್ಜನ ಮಗಳು. ಅವಳ ಮನೆಯಲ್ಲಿ ಟಿವಿ ಓಡುತ್ತಿತ್ತು, ಅದೂ ಬಣ್ಣದ್ದು, ಅದೂ ಲೈಸೆನ್ಸ್ ಇಲ್ಲದ್ದು. ನನಗೆ ತುತ್ತು ಬಾಯಿಗೆ ಹೋಯಿತೋ ಕಿವಿಗೆ ಹೋಯಿತೋ ನೆನಪಿಲ್ಲ. ಅಜ್ಜ ಟಿವಿಗೆ ಬೆನ್ನು ಹಾಕಿ, ಗೋಡೆಗೆ ಮುಖ ಮಾಡಿ, ಹೋಳಿಗೆ ತಿಂದ. ಗೋಡೆಯ ಮೇಲೆ ಬಣ್ಣ ಬಣ್ಣದ ಬೆಳಕು ಬೀಳುತ್ತಿತ್ತು. ಅದು ಬಿದ್ದಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಹೊರಡುವಾಗ ಮಗಳ ತಲೆ ಸವರಿ, "ಬಾಗ್ಲು ಹಾಕ್ಕೊಂಡು ನೋಡವ್ವ" ಅಂದ. ನಾನು ಬಸ್ಸಿನಲ್ಲಿ ಅದನ್ನು ಅವನದೇ ಧ್ವನಿಯಲ್ಲಿ ಹೇಳಿ ತೋರಿಸಿದೆ. ಯಾವಾಗಲೂ ತಲೆಗೆ ಮೊಟಕುವ ಅಜ್ಜ ಆ ದಿನ ಮೊಟಕಲಿಲ್ಲ. ಕಿಟಕಿಯ ಆಚೆ ನೋಡುತ್ತಿದ್ದ. ಅವನು ಹಟ ಮಾಡುತ್ತಿಲ್ಲ, ಹೆದರಿದ್ದಾನೆ ಅಂತ ನನಗೆ ಮೊದಲ ಸಲ ಅನ್ನಿಸಿತು. ಹೆದರಿದ ಅಜ್ಜನನ್ನು ಅಣಕಿಸುವುದು ಹೇಗೆಂದು ನನಗೆ ಗೊತ್ತಿರಲಿಲ್ಲ.

ಅಜ್ಜ ಯಾಕೆ ಹೆದರುತ್ತಾನೆ ಅಂತ ಅಜ್ಜಿಯನ್ನು ಕೇಳಿದೆ. ಅವಳು ಹಿತ್ತಲ ಕಲ್ಲಿನ ಮೇಲೆ ಅಕ್ಕಿ ಆರಿಸುತ್ತಿದ್ದಳು. ಕಾರ್ಖಾನೆ ಕೆಲಸ ಸಿಗುವ ಮೊದಲು ಅಜ್ಜನೂ ಅವಳೂ ಆಯನೂರಿನಲ್ಲಿದ್ದರಂತೆ, ಕೂಲಿ ಮಾಡಿಕೊಂಡು. ಮದುವೆಯ ಹೊಸದರಲ್ಲಿ ಅಜ್ಜ ಯಾರದೋ ಹಳೇ ರೇಡಿಯೋ ಕೊಂಡು ತಂದಿದ್ದ. ಅಜ್ಜಿಗೆ ಹಾಡೆಂದರೆ ಪ್ರಾಣ. ಸಂಜೆ ಕೇರಿಯವರೆಲ್ಲ ಅವರ ಅಂಗಳಕ್ಕೆ ಬಂದು ಕೂರುತ್ತಿದ್ದರು. ಒಂದು ಸಂಜೆ ಲೈಸೆನ್ಸ್ ಇನ್ಸ್‌ಪೆಕ್ಟರು ಬಂದರು.

"ಲೈಸೆನ್ಸ್ ಅಂತ ಒಂದೈತೆ ಅಂತಾನೇ ಗೊತ್ತಿರ್ಲಿಲ್ಲ ಕಣೋ ಇವರಿಗೆ. ಆತ ರೇಡಿಯೋ ಎತ್ತಿ ಸೈಕಲ್ ಹಿಂದೆ ಕಟ್ಕೊಂಡ. ಅಂಗಳದ ತುಂಬ ಜನ. ಯಾರೂ ತುಟಿ ಎರಡು ಮಾಡ್ಲಿಲ್ಲ."

"ಬೈದ್ನಾ ಅಜ್ಜೀ?"

"ಬೈದಿದ್ರೆ ಇವರೂ ಬೈತಿದ್ರು. ತುಂಬ ಮರ್ಯಾದಸ್ಥ ಆತ. ಸಣ್ಣ ಗಂಟ್ಲು. 'ಬೇಜಾರು ಮಾಡ್ಕೋಬೇಡೀಪ್ಪಾ, ಕಾನೂನು' ಅಂದು ತಗೊಂಡೋದ."

ನಾನು ಆ ಸಣ್ಣ ಗಂಟಲನ್ನು ಹಾಗೇ ಒಂದು ಸಲ ಆಡಿ ನೋಡಿದೆ. ಅಜ್ಜಿಯ ಕೈ ಮೊರದಲ್ಲೇ ನಿಂತಿತು. ಒಳಗಿನಿಂದ ಅಮ್ಮ ಬಂದಳು. ಅವಳ ಮುಖದಲ್ಲಿ, ಸಾರಿಗೆ ಏನು ಕಮ್ಮಿಯಾಗಿದೆ ಅಂತ ಗೊತ್ತಾದ ಕಳೆ ಇತ್ತು.

"ಇನ್ಸ್‌ಪೆಕ್ಟ್ರು ತಗೊಂಡೋಗಿದ್ದು ತಾನೆ? ಇನ್ಸ್‌ಪೆಕ್ಟ್ರೇ ಬಂದು ಬೇಡ ಅನ್ಲಿ. ದಿನಾ ಅಷ್ಟು ಮಂಡಕ್ಕಿ ಸುರ್ಕೋತೀಯಲ್ಲ, ಒಂದಿನ ಮನೆಗೆ ಉಪಯೋಗಕ್ಕೆ ಬಾ."

ಮೋಸ ಮಾಡುವ ಉದ್ದೇಶ ಯಾರಿಗೂ ಇರಲಿಲ್ಲ. ದಿನಾ ನಡೆಯುವ ನನ್ನ ವಾರ್ತೆಯ ಹಾಗೆ ಇದೂ ಒಂದು. ಅಜ್ಜ ನಗಬೇಕು, ನಕ್ಕ ಬಾಯಲ್ಲಿ 'ಹಾಕ್ಕೊಳ್ಳಿ ಅತ್ಲಾಗೆ' ಅಂದುಬಿಡಬೇಕು. ಸಂಜೆ ಎಲ್ಲರೂ ಗಾಜಿನ ಮುಂದೆ ಕೂತ ಮೇಲೆ ನಾನು ಹಿತ್ತಲಿನಿಂದ ಸುತ್ತಿಕೊಂಡು ಮುಂಬಾಗಿಲಿಗೆ ಬಂದೆ. ಅಜ್ಜ ಬೆಂಚಿಗೆ ಬರುವ ಮೊದಲೇ ಮೊಳೆಯಿಂದ ಇಳಿಸಿಟ್ಟಿದ್ದ ಅವನ ಖಾಕಿ ಕೋಟನ್ನೇ ಹಾಕಿಕೊಂಡಿದ್ದೆ. ಅದು ನನ್ನ ಪಾದದವರೆಗೆ ಇತ್ತು. ತೋಳಿನೊಳಗೆ ಕೈ ಎಲ್ಲಿ ಹೋಯಿತೋ ಸಿಗಲಿಲ್ಲ. ಇನ್ಸ್‌ಪೆಕ್ಟರಿಗಿಂತ ಹೊಲದ ಬೆದರುಬೊಂಬೆಯೇ ಹೆಚ್ಚು ಅನ್ನಬೇಕು.

"ಯಾರಪ್ಪಾ ಮನೇಲಿ? ಲೈಸೆನ್ಸ್ ನೋಡ್ಬೇಕಿತ್ತು."

ಸುಮ ಕಿಸಕ್ಕನೆ ನಕ್ಕಳು. ಅಜ್ಜ ನನ್ನನ್ನು ನೋಡಿದ. ಕೋಟನ್ನು ನೋಡಿದ. ನಿಧಾನವಾಗಿ ಬೆಂಚಿನಿಂದ ಎದ್ದು ನಿಂತ. ಹೆಗಲ ಮೇಲಿನ ಟವೆಲ್ಲು ತೆಗೆದು ಕಂಕುಳಿಗೆ ಸೇರಿಸಿದ. ಅಜ್ಜ ಯಾರ ಮುಂದೆಯೂ ಹಾಗೆ ಮಾಡಿದ್ದನ್ನು ನಾನು ನೋಡಿರಲಿಲ್ಲ.

"ಬನ್ನಿ ಸ್ವಾಮಿ."

ಸುಮಳ ನಗು ನಿಂತಿತು.  ನಾನು ಕೋಟು ಕಾಲಿಗೆ ಸಿಗದ ಹಾಗೆ ಎತ್ತಿಕೊಂಡು ಹೊಸಿಲು ದಾಟಿದೆ.

"ಟಿವಿ ಇದೆಯಂತಲ್ಲಪ್ಪ."

"ಐತೆ ಸ್ವಾಮಿ. ಹಾಕಿಲ್ಲ."

"ಲೈಸೆನ್ಸು?"

"ಕೇಳಿದ್ವಿ. ಕೊಡಲ್ಲ ಅಂದ್ರು."

ಇಲ್ಲಿ ನಾನು ಹೇಳಬೇಕಾದ ಮಾತು ಸಿದ್ಧವಿತ್ತು. ಸರ್ಕಾರ ತೆಗೆದುಹಾಕಿದೆ, ಧಾರಾಳವಾಗಿ ನೋಡಿ, ಬರ್ತೀನಿ, ಒಂದು ಲೋಟ ಕಾಫಿ ಕೊಡಿ. ಬಾಯಿ ತೆರೆದೆ. ಅಷ್ಟರಲ್ಲಿ ಅಜ್ಜ ಒಂದು ಹೆಜ್ಜೆ ಮುಂದೆ ಬಂದ.

"ಒಂದು ಮಾತು ಸ್ವಾಮಿ. ಆವತ್ತು ಆಯನೂರಲ್ಲಿ ರೇಡಿಯೋ ತಗೊಂಡೋದ್ರಲ್ಲ, ಅದಕ್ಕೆ ನಾನೇನೂ ಅನ್ನಲ್ಲ. ಕಾನೂನು. ಆಮೇಲೆ ನಾನೂ ಗೇಟಲ್ಲಿ ನಿಂತೋನೇ, ನಂಗೊತ್ತು. ಆದ್ರೆ ಹಾಡು ಅರ್ಧದಲ್ಲಿತ್ತು. ಇವಳು ಅಲ್ಲಿ ಕಂಬಕ್ಕೆ ಒರಗಿ ಕೇಳ್ತಾ ನಿಂತಿದ್ಲು. ಹಾಡು ಮುಗಿಯೋವರ್ಗೂ ಒಂಚೂರು ತಡೀರಿ ಅಂತ ನಾನು ಕೇಳ್ಬೇಕಿತ್ತು. ಗಂಟ್ಲವರ್ಗೂ ಬಂತು. ಆಚೆ ಬರ್ಲಿಲ್ಲ." ಅಜ್ಜ ಟವೆಲ್ಲನ್ನು ಇನ್ನಷ್ಟು ಒತ್ತಿ ಹಿಡಿದ. "ಈಗ ಕೇಳ್ತಾ ಇದೀನಿ."

 ನಾನು ಆ ಸಣ್ಣ ಗಂಟಲನ್ನು ಹುಡುಕಿದೆ. ಇರಲಿಲ್ಲ. ಅಪ್ಪನದು, ಮೇಷ್ಟ್ರದು, ವಾರ್ತೆಯವನದು, ಯಾವುದಾದರೂ ಒಂದು ಸಿಗಲಿ ಅಂತ ತಡಕಾಡಿದೆ. ಎಲ್ಲರೂ ನನ್ನನ್ನು ಬಿಟ್ಟು ಓಡಿಹೋಗಿದ್ದರು. ಅಷ್ಟು ಎತ್ತರದ ಅಜ್ಜ, ಗೇಟಿನಲ್ಲಿ ಊರನ್ನೇ ನಿಲ್ಲಿಸಿದವನು, ನನ್ನ ಮುಂದೆ ತಲೆ ಬಗ್ಗಿಸಿ ಉತ್ತರಕ್ಕಾಗಿ ಕಾಯುತ್ತಿದ್ದ. ನನ್ನ ಆಟಕ್ಕೆ ಇಷ್ಟು ಶಕ್ತಿ ಇದೆಯೆಂದು ನನಗೆ ಯಾರೂ ಹೇಳಿರಲಿಲ್ಲ. ಕೊನೆಗೆ ಬಾಯಿಂದ ಬಂದದ್ದು ಒಂದು ಕಪ್ಪೆ.

"ಮುಗೀಲಿ ಅಜ್ಜ. ಕಾಯ್ತೀನಿ."

ಅಜ್ಜ ತಲೆಯೆತ್ತಿದ.  ಆಮೇಲೆ ಅಜ್ಜಿ ಮೂಗು ಏರಿಸಿಕೊಂಡು, ಅಡಕತ್ತರಿ ಹುಡುಕುತ್ತ ಹೇಳಿದಳು:

"ಆ ಹಾಡೇನೂ ಅಂಥಾ ಚೆನ್ನಾಗಿರ್ಲಿಲ್ಲ ಬಿಡಿ. ಅದಕ್ಕೆ ಇಷ್ಟು ವರ್ಷ!"

ಅಜ್ಜ ಅವಳನ್ನು ನೋಡಿದ. ಕೆಮ್ಮಿದ ಹಾಗೆ ಏನೋ ಸದ್ದು ಬಂತು. ನಗುವೇ ಇರಬೇಕು. ಹಿತ್ತಲಿಗೆ ನಡೆದ. ದೋಟಿ ಗೋಡೆಗೆ ತಾಗಿದ ಸದ್ದು ಕೇಳಿತು. ನಾವೆಲ್ಲ ಹಿಂದೆ ಓಡಿದೆವು. ಅಜ್ಜ ತುದಿಗಾಲಲ್ಲಿ ನಿಂತು, ದೋಟಿಯ ಕೊಕ್ಕೆಯಿಂದ, ಆಂಟೆನಾದ ಮೇಲಿನ ತನ್ನ ಪಂಚೆಯನ್ನು ಬಿಡಿಸುತ್ತಿದ್ದ. ಅದು ಸಂಜೆಯ ಬೆಳಕಿನಲ್ಲಿ ಒಮ್ಮೆ ಪೂರ್ತಿ ಹರಡಿಕೊಂಡು ಅವನ ತಲೆಯ ಮೇಲೇ ಬಿತ್ತು. ಅದರೊಳಗಿಂದ ಅವನು ಹೊರಬರುವುದನ್ನು ಅಮ್ಮ ಹೊಸಿಲಲ್ಲಿ ನಿಂತು ನೋಡುತ್ತಿದ್ದಳು. ನನ್ನ ಕಡೆ ತಿರುಗಿದಳು. ನಾನು ಎಂದಿನಂತೆ ಸಿದ್ಧನಾದೆ. ಆದರೆ ಅವಳು ಮತ್ತೆ ಅಜ್ಜನ ಕಡೆ ತಿರುಗಿದಳು.

"ಮಾವಾ, ಹಾಕ್ಲಾ?"

ಅಜ್ಜ ಪಂಚೆ ಮಡಿಸುತ್ತಿದ್ದವನು ನಿಂತ. ಅವನೂ ಅಭ್ಯಾಸಬಲದಿಂದ ನನ್ನ ಕಡೆ ನೋಡಿದ. ನಾನು ಆಕಾಶ ನೋಡಿದೆ.

"ಹಾಕವ್ವಾ," ಅಂದ ನೇರವಾಗಿ ಅವಳಿಗೆ. ನನ್ನ ತಂತಿ ಕೆಲಸ ಅಲ್ಲಿಗೆ ಹೋಯಿತು.

ಅಮ್ಮನೇ ಸ್ವಿಚ್ ಒತ್ತಿದಳು. ಮೊದಲು ಸೊಯ್ ಅಂತ ಸದ್ದು, ಆಮೇಲೆ ಗಾಜಿನ ನಡುವೆ ಒಂದು ಚುಕ್ಕಿ. ಚುಕ್ಕಿ ಒಡೆದು ರಾಗಿ ಚೆಲ್ಲಿದ ಹಾಗೆ ಕಾಳು ಕಾಳು. ಅಪ್ಪ ಹಿತ್ತಲಲ್ಲಿ ಬಿದಿರು ತಿರುಗಿಸುತ್ತ, "ಬಂತಾ? ಈಗ ಬಂತಾ?" ಅಂತ ಕೂಗಿದ. ಕಾಳುಗಳೆಲ್ಲ ಒಂದಕ್ಕೊಂದು ಸೇರಿ ಒಂದು ಹೆಂಗಸಾದವು. ತಂಬೂರಿ ಹಿಡಿದು, ಕಣ್ಣು ಮುಚ್ಚಿ, ಆಕೆ ಹಾಡುತ್ತಿದ್ದಳು. ಸುಮ ಅಮ್ಮನ ಸೆರಗು ಕಚ್ಚಿಕೊಂಡಳು. ಅಜ್ಜಿ ಕೈ ಮುಗಿದಳು. ಆಮೇಲೆ ತಾನು ಕೈ ಮುಗಿದದ್ದಕ್ಕೆ ತಾನೇ ನಾಚಿ, ಗೋಡೆಗೆ ಒರಗಿ ಕೇಳತೊಡಗಿದಳು. ಅಜ್ಜ ಮಾತ್ರ ಗಾಜಿನ ಹತ್ತಿರ ಬಗ್ಗಿ ಏನನ್ನೋ ಹುಡುಕುತ್ತಿದ್ದ.

"ನಾವೆಲ್ಲಿ ಹೋದ್ವೋ?"

ಹೌದು. ಬೆಳಕು ಬಂದ ಕೂಡಲೆ ಗಾಜಿನಿಂದ ನಾವೆಲ್ಲ ಅಳಿಸಿಹೋಗಿದ್ದೆವು.

ಅವತ್ತಿನಿಂದ ನಮ್ಮ ಮನೆಯಲ್ಲಿ ಒಂದು ಕಾನೂನು ಬಂತು. ಟಿವಿಯಲ್ಲಿ ಹಾಡು ಬರುತ್ತಿದ್ದರೆ, ಅದು ಮುಗಿಯುವವರೆಗೆ ಯಾರೂ ಆಫ್ ಮಾಡುವ ಹಾಗಿಲ್ಲ. ಊಟ ಆರಲಿ, ಶಿಫ್ಟಿನ ಸೈರನ್ ಕೂಗಲಿ, ಹಾಡು ಎಷ್ಟೇ ಕೆಟ್ಟದಿರಲಿ. ಈ ಕಾನೂನನ್ನು ಮೊದಲ ದಿನವೇ ಮುರಿದದ್ದು ಕರೆಂಟಿನವರು. ಹಾಡುತ್ತಿದ್ದ ಹೆಂಗಸು ಇನ್ನೊಂದು ಸಾಲನ್ನು ಎತ್ತಿಕೊಂಡಳು ಅನ್ನುವಾಗ ಕ್ವಾರ್ಟರ್ಸಿನ ಸಾಲಿಗೆ ಸಾಲೇ ಕತ್ತಲಾಯಿತು. ಬೀದಿಯುದ್ದಕ್ಕೂ ಮಕ್ಕಳು ಹೋ ಅಂದವು. ನಮ್ಮ ಮನೆಯಲ್ಲಿ ಯಾರೂ ಹೋ ಅನ್ನಲಿಲ್ಲ. ಗೋಡೆಗೆ ಒರಗಿದ ಅಜ್ಜಿಯನ್ನೂ, ಬೆಂಚಿನ ಮೇಲಿನ ಅಜ್ಜನನ್ನೂ ನೋಡಲು ಯಾರಿಗೂ ಧೈರ್ಯವಾಗಲಿಲ್ಲ. ಅಮ್ಮ ದೀಪ ಹಚ್ಚಿ ತಂದಳು. ಗಾಜಿನ ಕಪ್ಪಿನಲ್ಲಿ ಒಂದು ಸಣ್ಣ ಉರಿ, ಅದರ ಸುತ್ತ ನಾವೆಲ್ಲ, ಮತ್ತೆ.

"ಇನ್ಸ್‌ಪೆಕ್ಟ್ರೇ," ಅಂದ ಅಜ್ಜ ಕತ್ತಲಿನಿಂದ, "ಕಾಯ್ತೀನಿ ಅಂದಿದ್ರಿ. ಮುಗ್ಸಿ ಅದನ್ನ."

ಖಾಕಿ ಕೋಟು ಇನ್ನೂ ನನ್ನ ಮೈಮೇಲೇ ಇತ್ತು. ನಾನು ಎದ್ದು ಟಿವಿಯ ಪಕ್ಕದಲ್ಲಿ ನಿಂತೆ. ಆ ಹಾಡಿನ ಮುಂದಿನ ಸಾಲು ನನಗೆ ಗೊತ್ತಿರಲಿಲ್ಲ. ಕಣ್ಣು ಮುಚ್ಚಿಕೊಂಡು, ಅವಳು ಬಿಟ್ಟ ಕಡೆಯಿಂದ, ನನ್ನದೇ ಕಪ್ಪೆ ಗಂಟಲಿನಲ್ಲಿ, ಬಾಯಿಗೆ ಬಂದ ಮಾತು ಸೇರಿಸಿಕೊಂಡು ಹಾಡಿ ಮುಗಿಸಿದೆ. ಅಲ್ಲಿಯವರೆಗೆ ಯಾರೂ ಎದ್ದು ಹೋಗಲಿಲ್ಲ.